ಹದಿನೆಂಟು ಕಿಲೋ ತಡೆದ ಡೈಪರ್

ಬ್ಯಾಗು ಕಾರ್ಖಾನೆಯ ಪರೀಕ್ಷಕ ತನ್ನ ಕಸುಬನ್ನು ಚಪ್ಪಲಿಯ ಜೊತೆಗೇ ಹೊರಗೆ ಬಿಟ್ಟು ಬರಬೇಕೆಂದು ಅವನ ಹೆಂಡತಿ ಮದುವೆಯಾದ ಮರುವಾರವೇ ತಾಕೀತು ಮಾಡಿದ್ದಳು. ಸಿಕ್ಕಿದ್ದನ್ನೆಲ್ಲ ಎಳೆದು, ಜಗ್ಗಿ, ಇದು ಎಷ್ಟಕ್ಕೆ ಹರಿಯುತ್ತದೆ ಎಂದು ನೋಡುವ ಗಂಡನಿಂದ ಅವಳು ಅಷ್ಟರಲ್ಲೇ ಎರಡು ಪರದೆ, ಒಂದು ಛತ್ರಿ ಕಳೆದುಕೊಂಡಿದ್ದಳು. ಈ ಸಲ ಮಾತ್ರ ಅವಳೇ ಕರೆದು ಕೆಲಸ ಕೊಟ್ಟಳು.

"ರೀ, ಸೋಮವಾರದಿಂದ ನಾನು ಡ್ಯೂಟಿಗೆ ಹೋಗ್ಬೇಕು. ಬರದಿದ್ರೆ ನಿನ್ನ ಬಸ್ಸು ಬೇರೆಯವರಿಗೆ ಅಂತ ಡಿಪೊ ಮ್ಯಾನೇಜರ್ ಹೇಳಿಬಿಟ್ಟಿದ್ದಾರೆ. ಡೇಕೇರ್‌ನವರು ಬಟ್ಟೆ ಡೈಪರ್ ಬಿಟ್ಟು ಬೇರೆ ಒಪ್ಪಲ್ಲ. ಶುಕ್ರವಾರ ಮಧ್ಯಾಹ್ನ ಗುಂಡಮ್ಮನ್ನ ಅಲ್ಲಿ ಎರಡು ಗಂಟೆ ಮಲಗಿಸಿ ನೋಡ್ತಾರಂತೆ. ಹಾಸಿಗೆ ಒದ್ದೆಯಾದ್ರೆ ಸೀಟಿಲ್ಲ. ಒಳ್ಳೇದು ಒಂದು ಆರಿಸಿ. ಮೂರು ವರ್ಷ ತುಂಬೋವರೆಗೂ ಬಾಳಿಕೆ ಬರಬೇಕು."

ಗುಂಡಮ್ಮ ಅವರ ಒಂದೂಕಾಲು ವರ್ಷದ ಮಗಳು. ನಡೆಯುವುದನ್ನು ಕಲಿಯದೆ ನೇರವಾಗಿ ಓಡುವುದನ್ನೇ ಕಲಿತವಳು. ಅವಳ ಹಿಂದೆ ಓಡಿ ಓಡಿ, ಬಸ್ ಡ್ರೈವರ್ ಆದ ತಾಯಿ ಈಗೀಗ ಅಡುಗೆಮನೆಯಿಂದ ನಡುಮನೆಗೆ ತಿರುಗುವಾಗಲೂ ಪಕ್ಕದ ಕನ್ನಡಿಗಾಗಿ ತಡಕಾಡುತ್ತಿದ್ದಳು. ಅವಳಿಗೆ ಸ್ಟೇರಿಂಗು ಬೇಕಿತ್ತು, ಬೇಗ ಬೇಕಿತ್ತು.

ಪರೀಕ್ಷಕ ಬೇರೆ ಬೇರೆ ಬಗೆಯ ಆರು ಡೈಪರ್‌ಗಳನ್ನು, ಬಗೆಗೊಂದರಂತೆ ತರಿಸಿದ. ಬುಧವಾರ ಅವಕ್ಕೆ ಒಂದರಿಂದ ಆರರವರೆಗೆ ಚೀಟಿ ಅಂಟಿಸಿ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಕೂತ. ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದಿದ್ದ ಅತ್ತೆ ಬಂದವರೇ ಒಳಗಿನ ಹತ್ತಿ ಪ್ಯಾಡುಗಳನ್ನೆಲ್ಲ ಬಾಚಿಕೊಂಡರು.

"ಅಳಿಯಂದಿರೇ, ಇವು ನನ್ನ ಇಲಾಖೆ. ಹೊಸ ಹತ್ತಿ ನೀರು ಕುಡಿಯಲ್ಲ. ಬಿಸಿನೀರಲ್ಲಿ ನಾಲ್ಕು ಸಲ ಒಗೆದ ಮೇಲೇನೇ ಅದಕ್ಕೆ ಬಾಯಾರಿಕೆ ಹುಟ್ಟೋದು. ನೀವು ಹೊರಗಿನ ಕವಚ ನೋಡ್ಕೊಳ್ಳಿ."

ಪರೀಕ್ಷೆ ಶುರುವಾಯಿತು. ಒಂದನೆಯದಕ್ಕೆ ವೆಲ್ಕ್ರೋ ಪಟ್ಟಿ. ಗುಂಡಮ್ಮ ಅದನ್ನು ಮೂರು ಎಣಿಸುವುದರೊಳಗೆ ಚರ್ರನೆ ಬಿಚ್ಚಿದಳು; ಆ ಸದ್ದಿಗೆ ಮನಸೋತು ಇನ್ನೂ ಹತ್ತು ಸಲ ಬಿಚ್ಚಿ, ಕೊನೆಗೆ ಹುಟ್ಟುಡುಗೆಯಲ್ಲಿ ಪರಾರಿಯಾದಳು. ಎರಡನೆಯದರ ಟಿಚ್ ಬಟನ್‌ಗಳು ಬಟ್ಟೆಯ ಸಮೇತ ಕಿತ್ತು ಬಂದವು. ನಾಲ್ಕನೆಯದರ ನೀರು ಇಳಿಯದ ಪದರ ಬಿಸಿನೀರು ಕಂಡದ್ದೇ ಗುಳ್ಳೆ ಎದ್ದಿತು. ಐದನೆಯದರ ಬಟ್ಟೆ ಚಿನ್ನ, ಆದರೆ ಅಳತೆ ಒಂದೇ: ಬೆಳೆಯುವ ಮಗುವಿಗೆ ಬೆಳೆಯದ ಡೈಪರ್. ಆರನೆಯದರ ಎಲಾಸ್ಟಿಕ್ ಎರಡು ಕಿಲೋಗೇ ಪ್ರಾಣ ಬಿಟ್ಟಿತು.

ಮೂರನೆಯದು ಮಾತ್ರ ಜಗಜಟ್ಟಿ. ಮಗು ಬೆಳೆದಂತೆ ಸಡಿಲಿಸಲು ಮೂರು ಸಾಲು ಟಿಚ್ ಬಟನ್, ತೊಡೆಯ ಸುತ್ತ ಜೋಡಿ ಹೊಲಿಗೆ. ಗುರುವಾರ ಸಂಜೆ ಪರೀಕ್ಷಕ ಅದನ್ನು ಬಾಗಿಲ ಕೊಕ್ಕೆಗೆ ತೂಗುಹಾಕಿ, ಒಳಗೆ ನೀರಿನ ಬಾಟಲಿ ತುಂಬಿಸತೊಡಗಿದ. ಐದು ಕಿಲೋ. ಹತ್ತು. ಹದಿನೈದು.

ಅತ್ತೆ ಕೈ ಹಿಂದೆ ಕಟ್ಟಿ, ಅಳಿಯನ ಹಾಗೆಯೇ ಮೂಗು ಮೇಲೆತ್ತಿ ಗುಂಡಮ್ಮನ ಮುಂದೆ ಠೀವಿಯಿಂದ ಹೆಜ್ಜೆ ಹಾಕಿದರು. "ಹ್ಞೂಂ... ಮಾದರಿ ಮೂರು... ತೃಪ್ತಿಕರ... ಮುಂದುವರಿಸಿ!" ಗುಂಡಮ್ಮ ಕೇಕೆ ಹಾಕಿದಳು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕಾರ್ಖಾನೆಯಲ್ಲಿ ಒಂದು ಕ್ರಮವಿದೆ. ಮಾದರಿ ಎಷ್ಟೇ ಗಟ್ಟಿಯಿರಲಿ, ಹರಿಯುವ ತನಕ ಭಾರ ಹಾಕಬೇಕು. ಹರಿಯದೆ ಅಂಕಿಯಿಲ್ಲ, ಅಂಕಿಯಿಲ್ಲದೆ ವರದಿಯಿಲ್ಲ. ಹನ್ನೆರಡು ವರ್ಷದಿಂದ ಪಳಗಿದ ಕೈ ತಾನಾಗಿಯೇ ಮುಂದಿನ ಬಾಟಲಿ ಎತ್ತಿತು. ಹದಿನಾರು. ಹದಿನೇಳು. ಹದಿನೆಂಟಕ್ಕೆ ಪರ್ರೆಂದು ಪಕ್ಕೆ ಸೀಳಿ, ಬಾಟಲಿಗಳೆಲ್ಲ ನಡುಮನೆಯ ತುಂಬ ಉರುಳಾಡಿದವು.

"ಹದಿನೆಂಟು!" ಎಂದು ಸಂಭ್ರಮದಿಂದ ಬರೆದುಕೊಂಡ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಮೂರನೇದು ಗೆದ್ದುಬಿಡ್ತು ಕಣೇ!"

"ಒಳ್ಳೇದಾಯ್ತು. ಕೊಡಿ, ನಾಳೆ ಬ್ಯಾಗಿಗೆ ಇಡ್ತೀನಿ."

ಅವನು ಕೊಕ್ಕೆ ನೋಡಿದ. ಆಮೇಲೆ ನೆಲ ನೋಡಿದ. ಆಮೇಲೆ ನೋಡಲು ಜಾಗವಿರಲಿಲ್ಲ.

"ಇನ್ನೊಂದು ಇದೆ ತಾನೇ?"

"ಒಂದೊಂದೇ ತರಿಸಿದ್ದು. ಉಳಿದ ಐದನ್ನೂ ಹೀಗೇ ಜಗ್ಗಿ ಹರಿದಾಯ್ತು. ಈಗ ಹೇಳಿದ್ರೆ... ಹತ್ತು ದಿನ ಆಗತ್ತೆ."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕುರ್ಚಿಯ ಮೇಲೆ ಕೂತಳು. ಬಲಗಾಲು ಮಾತ್ರ ನೆಲವನ್ನು ಬ್ರೇಕಿನಂತೆ ಒತ್ತುತ್ತಿತ್ತು. "ಯೂನಿಫಾರಂ ಇಸ್ತ್ರಿ ಮಾಡಿ ಇಟ್ಟಿದ್ದೆ ರೀ," ಎಂದಳು ಮೆಲ್ಲಗೆ.

ಮರುದಿನ ಬೆಳಗ್ಗೆ ಕಾರ್ಖಾನೆಯ ಗೇಟು ತೆಗೆಯುವ ಮೊದಲೇ ಪರೀಕ್ಷಕ ಹರಿದ ಡೈಪರ್‌ಗಳ ಗಂಟು ಹಿಡಿದು ನಿಂತಿದ್ದ. ಮೂರನೆಯದರ ಬಟನ್ನು, ಎಲಾಸ್ಟಿಕ್ಕುಗಳಿಗೆ ಐದನೆಯದರ ಬಟ್ಟೆ ಸೇರಿಸಿ ಖಾಲಿ ಮಿಷನ್ನಿನ ಮುಂದೆ ಕೂತ. ಹನ್ನೆರಡು ವರ್ಷ ಹೊಲಿಗೆ ಬಿಚ್ಚಿದವನಿಗೆ ಹೊಲಿಗೆ ಹಾಕುವುದು ಹೊಸದು. ಬ್ಯಾಗಿನ ಪಟ್ಟಿ ಹೊಲಿಯುವ ಅಕ್ಕ ಬಂದು ಬಗ್ಗಿ ನೋಡಿದಳು.

"ಇದ್ಯಾವ ಬ್ಯಾಗೋ ಮಾರಾಯ? ಕೆಳಗೆ ಎರಡು ಕಂಡಿ ಬಿಟ್ಟಿದ್ದೀಯ, ಸಾಮಾನೆಲ್ಲ ಬಿದ್ದೋಗಲ್ವಾ?"

"ಅದು ಕಾಲಿಗೆ ಅಕ್ಕಾ."

"ಬ್ಯಾಗಿಗೂ ಕಾಲು ಬಂತಾ! ಇನ್ನು ಹೊರೋರು ಯಾಕೆ ಬೇಕು?"

ವಿಷಯ ತಿಳಿದ ಮೇಲೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಹೊಲಿಗೆಯನ್ನು ಬೆಳಕಿಗೆ ಹಿಡಿದು ಗದರಿದಳು. "ಸೂಜಿ ಹೋದಲ್ಲೆಲ್ಲ ತೂತು. ಮಳೆ ಬ್ಯಾಗಿಗೆ ಏನು ಮಾಡ್ತೀವಿ ನಾವು? ಎದ್ದೇಳು!" ಮಳೆ ಬ್ಯಾಗಿನ ಹೊಲಿಗೆಗಳ ಮೇಲೆ ಅಂಟಿಸುವ ಟೇಪನ್ನು ಇಟ್ಟು ಬಿಸಿ ಇಸ್ತ್ರಿ ಎಳೆದಳು. "ಒಂದೇ ಒಂದು ಸಲ ಜಗ್ಗಿ ನೋಡ್ಲಾ?" ಎಂದ ಪರೀಕ್ಷಕ. ಅವಳು ಇಸ್ತ್ರಿ ಪೆಟ್ಟಿಗೆ ಅವನ ಕಡೆ ತಿರುಗಿಸಿದ ಮೇಲೆ ಆ ಆಸೆ ಬಿಟ್ಟ.

ಮಧ್ಯಾಹ್ನ ಡೇಕೇರ್‌ನಲ್ಲಿ, ನಾಲ್ಕು ಸಲ ಒಗೆದ ಪ್ಯಾಡನ್ನು ಒಳಗಿಟ್ಟು ಗುಂಡಮ್ಮನಿಗೆ ಆ ಕವಚ ತೊಡಿಸಿದರು. ಎರಡು ಲೋಟ ನೀರು ಕುಡಿದು ಅವಳು ಮಲಗಿದಳು. ಹೊರಗೆ ಮಕ್ಕಳ ಪುಟಾಣಿ ಕುರ್ಚಿಗಳಲ್ಲಿ ಗಂಡ ಹೆಂಡಿರು ಮೊಣಕಾಲು ಗಲ್ಲಕ್ಕೆ ತಗುಲಿಸಿಕೊಂಡು ಎರಡು ಗಂಟೆ ಕೂತರು. ಕೊನೆಗೆ ಡೇಕೇರ್‌ನ ಟೀಚರಮ್ಮ ಹೊದಿಕೆ ಸರಿಸಿ, ಹಾಸಿಗೆಯ ಮೇಲೆ ಅಂಗೈಯೊತ್ತಿ, ಇನ್ನೊಂದು ಕಡೆ ಒತ್ತಿ, ಅನುಮಾನದಿಂದ ಮೂರನೇ ಸಲವೂ ಒತ್ತಿದರು.

"ಒದ್ದೆಯಾಗಿಲ್ಲ," ಎಂದರು. "ಸೋಮವಾರ ಕರ್ಕೊಂಡು ಬನ್ನಿ. ದಿನಕ್ಕೆ ನಾಲ್ಕು ಬೇಕು, ಒಗೆದು ಒಣಗೋಕೆ ಇನ್ನು ನಾಲ್ಕು. ಎಲ್ಲಾ ಇದೇ ಥರದ್ದೇ ತನ್ನಿ."

ಹೆಂಡತಿ ಆಗಲೇ ಡಿಪೊಗೆ ಫೋನು ಹಚ್ಚಿದ್ದಳು. "ಸರ್, ಸೋಮವಾರ ಮೊದಲನೇ ಟ್ರಿಪ್ ನಂದೇ!" ಒಂದೂಕಾಲು ವರ್ಷದಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿರಲಿಲ್ಲ, ಮಲಗಿದ್ದ ಆರು ಮಕ್ಕಳು ಎದ್ದು ಅಳತೊಡಗಿದವು.

"ಇನ್ನೂ ಏಳಾ?" ಪರೀಕ್ಷಕ ಬೆವರೊರೆಸಿಕೊಂಡ. "ಎರಡೇ ದಿನದಲ್ಲಿ ಅಷ್ಟು ಹೊಲಿಯೋಕಾಗತ್ತೇನೇ?"

"ಎರಡೇ ದಿನದಲ್ಲಿ ಆರು ಹರಿದು ಹಾಕಿದ್ರಲ್ಲ ರೀ," ಎಂದಳು ಅವಳು, ಮಗಳನ್ನು ಅವನ ಕೈಗೆ ದಾಟಿಸಿ ಡಿಪೊ ಕಡೆ ಹೊರಡುತ್ತ. "ಅದೇ ಸ್ಪೀಡಲ್ಲಿ ಹೊಲೀರಿ."