ಚಿಕ್ಕಬಸಮ್ಮ ಮತ್ತೆ ಮಗುವಿಗೆ ನೀರು ಹಾಕಿದ್ದು

ಸೋಸಲೆಯ ಚಿಕ್ಕಬಸಮ್ಮ ತಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ನಲವತ್ತು ವರ್ಷ ಎಣ್ಣೆ ಹಚ್ಚಿ ನೀರು ಹಾಕಿದವರು. ಅರವತ್ತೆಂಟಕ್ಕೆ ಅವರ ಕಣ್ಣು ಕೆಟ್ಟಿತು. ಬಾಗಿಲಿನ ಚೌಕಟ್ಟು ಕಾಣುತ್ತಿತ್ತು, ಅಲ್ಲಿ ನಿಂತವರ ಮುಖ ಕಾಣುತ್ತಿರಲಿಲ್ಲ. 2003ರಲ್ಲಿ ಸೊಸೆ ವನಜಾಕ್ಷಿ ಅವರನ್ನು ತಿ. ನರಸೀಪುರದ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದಳು.

"ಇದು ಪೊರೆ ಅಲ್ಲ ಅಜ್ಜಿ," ಎಂದರು ಡಾಕ್ಟರು. "ವಯಸ್ಸಾಗಿ ಕಣ್ಣೊಳಗಿನ ಪರದೆ ನಡುವೆ ಸವೆದಿದೆ. ಆಪರೇಷನ್‌ಗೆ, ಕನ್ನಡಕಕ್ಕೆ ಸರಿಹೋಗಲ್ಲ. ಅಂಚಿನ ನೋಟ ಮಾತ್ರ ಉಳಿಯುತ್ತೆ."

ಅಂಚಿನ ನೋಟ ಇಟ್ಟುಕೊಂಡು ಏನು ಮಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಒಮ್ಮೆ ಕಾಲ ಮೇಲೆ ಬಿಸಿ ಸಾರು ಚೆಲ್ಲಿಕೊಂಡ ಮೇಲೆ ಸೊಸೆ ಅವರನ್ನು ಒಲೆಯ ಹತ್ತಿರ ಬಿಡಲಿಲ್ಲ. ದಿನವಿಡೀ ಜಗಲಿಯೇ ಗತಿಯಾಯಿತು. ಗುರುತು ಸಿಗದೆ ಹೋಗಿಬರುವವರನ್ನು ಮಾತಾಡಿಸುವುದನ್ನೂ ಬಿಟ್ಟರು. ಮುದುಕಿಗೆ ಜಂಬ ಬಂದಿದೆ ಎಂದರು ಕೆಲವರು.

ತಿಂಗಳಾದ ಮೇಲೆ ಕಣ್ಣಾಸ್ಪತ್ರೆಯ ಕಡೆಯಿಂದ, ನೋಟ ಕುಂದಿದವರಿಗೆ ತರಬೇತಿ ಕೊಡುವ ಗಂಗಾಧರಸ್ವಾಮಿ ಎಂಬುವವರು ಮನೆಗೆ ಬಂದರು. "ನನ್ನ ಮುಖ ನೋಡಬೇಡಿ ಅಮ್ಮ, ಕಿವಿ ನೋಡಿ," ಎಂದರು. ಚಿಕ್ಕಬಸಮ್ಮ ನೋಟವನ್ನು ಪಕ್ಕಕ್ಕೆ ಸರಿಸಿದರು. ಅಂಚಿನ ನೋಟಕ್ಕೆ ಅವರ ಮುಖದ ಮೇಲೆ ಮಸುಕಾಗಿ ಏನೋ ಕಪ್ಪಗೆ ಕಂಡಿತು.

"ಮೀಸೆ ಬುಟ್ಟಿದ್ದೀರಿ ಕಣಪ್ಪ," ಎಂದು ನಕ್ಕರು.

ಗಂಗಾಧರಸ್ವಾಮಿ ವಾರಕ್ಕೊಮ್ಮೆ ಬಂದು ಹೀಗೆ ಪಕ್ಕಕ್ಕೆ ನೋಡಿ ಕಾಣುವುದನ್ನೇ ರೂಢಿ ಮಾಡಿಸಿದರು. ಸಾಮಾನುಗಳ ಜಾಗ ಬದಲಿಸಬೇಡಿ ಎಂದು ವನಜಾಕ್ಷಿಗೆ ಹೇಳಿದರು.

ದೀಪಾವಳಿ ಕಳೆದ ಮೇಲೆ ಪಕ್ಕದ ಮನೆಯ ಚಾಮುಂಡಮ್ಮನ ಮಗಳಿಗೆ ಹೆರಿಗೆಯಾಯಿತು. ನೀರು ಹಾಕುವವರು ಸಿಗಲಿಲ್ಲ. ಹನ್ನೆರಡು ದಿನದ ಕೂಸಿನ ಅಳು ಗೋಡೆಯಾಚೆಯಿಂದ ಕೇಳುತ್ತಲೇ ಇತ್ತು. ಚಿಕ್ಕಬಸಮ್ಮ ಎದ್ದು ಹೊರಟರು.

ವನಜಾಕ್ಷಿ ತಡೆದಳು. "ಬ್ಯಾಡಿ ಅತ್ತೆ. ಎಳೇ ಮಗ, ಏನಾರ ಎಚ್ಚುಕಮ್ಮಿ ಆದ್ರೆ?"

"ನೀರು ನೀನ್ ಉಯ್ಯಿ, ಮಗೀನ ನಾನ್ ಇಡ್ಕತೀನಿ. ನನ್ ಕೈಗೇನೂ ಮಬ್ಬು ಕವ್ದಿಲ್ಲ ಕಣವ್ವ."

ಚಾಮುಂಡಮ್ಮನ ಮನೆಯ ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡರು. ಮೊಣಕೈ ಅದ್ದಿ ಹದ ನೋಡಿ ಇನ್ನೊಂದು ಚೊಂಬು ತಣ್ಣೀರು ಬೆರೆಸಲು ಸೊಸೆಗೆ ಹೇಳಿದರು. ಬಾಣಂತಿ ಬಾಗಿಲಲ್ಲಿ ಆತಂಕದಿಂದ ನಿಂತಿದ್ದಳು. ಎಣ್ಣೆ ಸವರುತ್ತಿದ್ದ ಬೆರಳು ಮಗುವಿನ ಕತ್ತಿನ ಹತ್ತಿರ ನಿಂತಿತು.

"ಕತ್ತಿನ ಮಡಿಕೇಲಿ ಆಲು ಕಟ್ಕಂಡು ಬೆಂದೋಗದೆ. ಅದ್ಕೇ ಅಳ್ತಾ ಅವ್ನೆ."

ತಾಯಿ ಬಗ್ಗಿ ನೋಡಿದಳು. ಕೆಂಪಗೆ ಹಸಿಯಾಗಿತ್ತು. ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚಿಕ್ಕಬಸಮ್ಮ ಅದನ್ನು ಮೆಲ್ಲಗೆ ತೊಳೆದು, ಹಳೇ ಸೀರೆಯ ಬಟ್ಟೆಯಿಂದ ಒತ್ತಿ ಒರೆಸಿದರು. ಮಗು ನಿದ್ದೆ ಹೋಯಿತು.

"ನಾಳೆನೂ ಬರ್ಬೇಕು ಅಜ್ಜಿ," ಎಂದಳು ತಾಯಿ.

ಮುಂದಿನ ಒಂದು ವರ್ಷದೊಳಗೆ ಚಿಕ್ಕಬಸಮ್ಮ ಆರು ಮಕ್ಕಳಿಗೆ ನೀರು ಹಾಕಿದರು. ಮೊದಮೊದಲು ಚೊಂಬು ಹಿಡಿದು ಹೆದರಿ ನಿಲ್ಲುತ್ತಿದ್ದ ವನಜಾಕ್ಷಿ, ಮೂರನೆಯ ಮಗುವಿನ ಹೊತ್ತಿಗೆ ಅತ್ತೆಯ ಪಕ್ಕ ತಾನೂ ಕೂತು ಕೆಲಸ ಕಲಿಯತೊಡಗಿದಳು.