ಒಡೆಯದ ಗಾಜು

ನದಿಯಂಚಿನ ಆ ಹಳೇ ಬೀದಿಯ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಬೀದಿಯನ್ನು ಇದ್ದಂತೆಯೇ ಉಳಿಸಬೇಕೆಂದು ಸರ್ಕಾರ ಹೇಳಿದ ಮೇಲೆ ಮುಂಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಬೇಕು. ಈ ಸಲ ನೆರೆ ಇಳಿದಾಗ ಗೋಡೆಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಇಲಾಖೆಯ ಗಾರೆ ಮೇಸ್ತ್ರಿ ಬಂದು ಬಿರುಕುಗಳಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿದ. ಫೋಟೋಗೆ ಕಟ್ಟು ಹಾಕುವವರ ಮನೆಯಲ್ಲಿ ಆಗ ಸೊಸೆಯೊಬ್ಬಳೇ ಇದ್ದಳು.

"ಗೋಡೆ ಅಲುಗಿದ್ರೆ ಇದು ಒಡೆಯುತ್ತೆ ತಾಯಿ. ಒಡೆದ ದಿನ ಒಳಗಿರಬೇಡಿ, ನನಗೆ ಫೋನ್ ಮಾಡಿ."

ಮುದಿಜೀವ ಹೆದರಿಕೊಂಡೀತೆಂದು ಅತ್ತೆಗೆ ಅವಳು ಇದನ್ನು ಹೇಳಲೇ ಇಲ್ಲ.

ಅಂದಿನಿಂದ ಅವಳ ಜೀವವೆಲ್ಲ ಆ ಗಾಜಿನ ಮೇಲೆ. ಅದೇನೋ ಇಡಿಯಾಗಿಯೇ ಇತ್ತು. ಆದರೂ ಮೆಟ್ಟಿಲನ್ನು ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಸುಣ್ಣದ ಪುಡಿ. ಅವಳು ದಿನಕ್ಕೆ ಹತ್ತು ಸಲ ಬಂದು ಗಾಜು ನೋಡುತ್ತಿದ್ದಳು.

"ಗಾಜೇ ಸುಮ್ಮನಿದೆ, ನೀನ್ಯಾಕೆ ಒಡೀತೀಯ?" ಎಂದು ಗಂಡ ನಗುತ್ತಿದ್ದ.

ಒಂದು ಮಧ್ಯಾಹ್ನ ಧೂಳು ಒರೆಸುತ್ತಿದ್ದವಳ ಬೆರಳು ಗಾಜಿನ ಅಂಚಿಗೆ ತಾಗಿತು. ಮೇಸ್ತ್ರಿ ಅಂಟಿಸಿದ್ದ ಗಾಜಿನದು ಒರಟು ಅಂಚು. ಇದೋ ಉಜ್ಜಿ ನುಣ್ಣಗಾಗಿತ್ತು, ಅವರದೇ ಅಂಗಡಿಯ ಗಾಜಿನಂತೆ.

"ಅತ್ತೆ, ಇದನ್ನ ಬದಲಾಯಿಸಿದ್ಯಾರು?"

ಗಾಜು ಕೊಯ್ಯುವುದರಲ್ಲಿ ಎತ್ತಿದ ಕೈ ಅತ್ತೆಯದು. ಅವರು ತುಂಟ ಮಗುವಿನಂತೆ ನಕ್ಕರು. "ಗೊತ್ತಾಗೋಯ್ತಾ? ಪಾಪ ಕಣೇ ಆ ಮೇಸ್ತ್ರಿ. ಸರ್ಕಾರಿ ಗಾಜು ಒಡೀತು ಅಂದ್ರೆ ಮೇಲಿನವರು ಬಿಡ್ತಾರಾ ಅವನನ್ನ? ಒಡೆದಾಗಲೆಲ್ಲ ನಾನೇ ಅಂಟಿಸ್ತಿದ್ದೆ."

"ಒಡೆದಾಗಲೆಲ್ಲ?"

"ಬೆಳಿಗ್ಗೇನೂ ಒಡೆದಿತ್ತು. ಬೆಕ್ಕಿಂದೇ ಕೆಲಸ."

ಚಿಟ್ ಎಂದಿತು. ಇಬ್ಬರ ಕಣ್ಣೆದುರೇ ಹೊಸ ಪಟ್ಟಿಯ ನಡುವೆ ಗೆರೆ ಮೂಡಿತು. ಬೆಕ್ಕು ಎಲ್ಲೂ ಇರಲಿಲ್ಲ.

"ಚಪ್ಪಲಿನಾದ್ರೂ ಹಾಕ್ಕೋತೀನಿ ಇರೇ!" ಎನ್ನುತ್ತಿದ್ದ ಅತ್ತೆಯನ್ನು ಅನಾಮತ್ತಾಗಿ ಎಳೆದೊಯ್ದು ಎದುರಿನ ನದಿಕಟ್ಟೆಯ ಮೇಲೆ ಕೂರಿಸಿದಳು. ಗಂಡ ಮಹಡಿಯಲ್ಲಿದ್ದ, ಮೆಟ್ಟಿಲು ಆ ಗೋಡೆಗೇ ಆತುಕೊಂಡಿತ್ತು. ಬಾಗಿಲಲ್ಲಿ ನಿಂತು, ದನಿ ನಡುಗದಂತೆ ಕರೆದಳು.

"ರೀ, ಇಳಿದು ಬನ್ನಿ. ಓಡಬೇಡಿ."

"ಕೈಯಲ್ಲಿ ಕನ್ನಡಿ ಇದೆ ಕಣೇ..."

"ಕನ್ನಡಿ ಮನೆ ಹಾಳಾಯ್ತು! ಮೆತ್ತಗೆ ಬನ್ನಿ."

ಅವನ ಒಂದೊಂದು ಹೆಜ್ಜೆಗೂ ಮೇಲಿನಿಂದ ಮಣ್ಣು ಸುರಿಯಿತು. ಒಡೆದ ಗಾಜು ಕಂಡದ್ದೇ ಅವನ ಮುಖದಲ್ಲಿ ರಕ್ತವಿಲ್ಲ. ಅವನು ಹೊರಗೆ ಕಾಲಿಟ್ಟ ಮೇಲೆಯೇ ಅವಳು ಬಾಗಿಲು ಬಿಟ್ಟು ಕದಲಿದಳು.

ಫೋನು ಹೋದ ತಕ್ಷಣ ಮೇಸ್ತ್ರಿ ಬಂದ. ದೂರದಿಂದಲೇ ಗೋಡೆ ನೋಡಿದ. ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಬಂದಿತ್ತು. ಅತ್ತೆ ಎಲ್ಲವನ್ನೂ ಹೇಳಿ ಕೈಮುಗಿದರು. "ಮೇಲಿನವರ ಹತ್ರ ನಾನೇ ಮಾತಾಡ್ತೀನಪ್ಪ, ನಿನಗೆ ಬೈಯದ ಹಾಗೆ."

ಮೇಸ್ತ್ರಿ ತನ್ನ ನೀರಿನ ಬಾಟಲಿಯನ್ನು ಅವರ ಕೈಗಿಟ್ಟ. "ಬೈದ್ರೆ ಬೈಲಿ ಬಿಡಿ ಅಜ್ಜಿ, ನೀವು ಹೊರಗಿದ್ದೀರಲ್ಲ. ಪುಣ್ಯಕ್ಕೆ ಬೀದಿಯ ಮಿಕ್ಕ ಗಾಜೆಲ್ಲ ಸರಿಯಾಗಿವೆ, ನಿನ್ನೆ ತಾನೇ ನೋಡಿದೆ."

ಅತ್ತೆ ನೀರು ಕುಡಿಯಲಿಲ್ಲ. ಸೊಸೆಯ ಮುಂಗೈ ಹಿಡಿದರು.

"ಅವೂ ನಾನೇ ಕಣೇ," ಎಂದರು. "ಕೇಳಿದವರಿಗೆಲ್ಲ ಕೊಯ್ದು ಕೊಟ್ಟೆ."

ಬೀದಿಯುದ್ದಕ್ಕೂ ಕಿಟಕಿಗಳು ತೆರೆದಿದ್ದವು. ಎಲ್ಲೋ ಪಾತ್ರೆ ತೊಳೆಯುವ ಸದ್ದು, ಎಲ್ಲೋ ಯಾರದೋ ನಗು.

"ಮೂಲೆಮನೆಗೆ ಓಡು ಮೊದಲು," ಅತ್ತೆ ಅವಳನ್ನು ನೂಕಿದರು. "ಅಲ್ಲಿ ತೊಟ್ಟಿಲಿದೆ."