ಹುಳಗೇರಿಯ ಡಬರಿಗಳು

ತೊಗರಿ ಬೆಳೆಯುವ ಸೀಮೆಗೆ ತೊಗರಿಬೇಳೆಯೇ ಹೊರಗಿನಿಂದ ಬರುವಂಥ ವರ್ಷ ಅದು. ಎರಡು ಮಳೆಗಾಲ ಬರಿದೇ ಹೋದ ಮೇಲೆ ಸೇಡಂನ ಒಂದು ಟ್ರಸ್ಟಿನವರು ಸುತ್ತಲಿನ ಊರುಗಳಲ್ಲಿ ಅನ್ನದ ಕೇಂದ್ರಗಳನ್ನು ತೆರೆದಿದ್ದರು. ಅಕ್ಕಿ, ಬೇಳೆ ರೈಲಿನಲ್ಲಿ ವಾಡಿಗೆ ಬಂದಿಳಿದು, ಅಲ್ಲಿಂದ ಚಿತ್ತಾಪುರ, ಶಹಾಬಾದ, ಚಿಂಚೋಳಿ ಕಡೆಗೆ ಹಂಚಿಹೋಗುತ್ತಿದ್ದವು. ಯಾವ ಊರಿಗೆ ಎಷ್ಟು, ಅಡಿಗೆಗೆ ಯಾರು, ಕಟ್ಟಿಗೆ ಎಲ್ಲಿಂದ, ನೀರು ಎಲ್ಲಿಂದ ಎಂಬುದನ್ನೆಲ್ಲ ಹೊಂದಿಸುವವಳು ರಾಜೇಶ್ವರಿ.

ರಾಜೇಶ್ವರಿ ಹೆಚ್ಚು ಮಾತಿನವಳಲ್ಲ. ಬೆಳಗಿನ ಪೂಜೆಯ ಹೊತ್ತಿಗೆ ಅಜ್ಜಿ ವಚನ ಹೇಳುವುದನ್ನು ಕೇಳುತ್ತ ಬೆಳೆದವಳು. ವಚನದಲ್ಲಿ ದೇವರ ಹೆಸರು ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಸುಮ್ಮನೆ ಕಾಯಬೇಕು. ಜನರ ಮಾತೂ ಹಾಗೆಯೇ, ಒಳಗಿನದು ಕೊನೆಗೇ ಬರುತ್ತದೆ ಎಂದು ಅವಳು ನಂಬಿದ್ದಳು. ಅದಕ್ಕೇ ಯಾರ ಮಾತನ್ನೂ ನಡುವೆ ತಡೆಯುತ್ತಿರಲಿಲ್ಲ.

ಆದರೆ ಟ್ರಸ್ಟಿನ ವ್ಯವಸ್ಥಾಪಕ ಮಹೇಶಕುಮಾರನ ಮಾತನ್ನು ಕೊನೆಯವರೆಗೆ ಕೇಳುವುದು ಆ ದಿನ ಕಷ್ಟವಾಯಿತು.

"ಮೇಡಂ, ಒಂದೂರಿಗೆ ಒಂದ ಅಡಿಗಿಮನಿ, ಒಂದ ಪಂಕ್ತಿ. ಅಕ್ಕಿ ಕೊಟ್ಟವರ ಕರಾರ ಅದು. ನಿಮ್ಮ ಹುಳಗೇರ್ಯಾಗ ನೋಡಿದ್ರ ಅನ್ನ ಟಂಟಂದಾಗ ಕುಂತು ಮೆರವಣಿಗಿ ಹೊಂಟದ ಅಂತಲ್ಲ?"

"ಎರಡೂ ಓಣ್ಯಾವರು ಒಂದ ಕಡಿ ಕುಂದ್ರಂಗಿಲ್ರಿ ಸರ್."

"ಕುಂದ್ರಸ್ರಿ. ಸೋಮವಾರ ಮಧ್ಯಾಹ್ನ ಫೋನ್ ಮಾಡ್ತೀನಿ. ಆಗಲಿಲ್ಲಂದ್ರ ಅಕ್ಕಿ, ಅಡಿಗಿಯವರು ಎಲ್ಲಾ ಚಿಂಚೋಳಿ ಕಡಿ ಹೋಗ್ತದ. ಅಲ್ಲಿ ಮಂದಿ ದಾರಿ ನೋಡಾಕತ್ತಾರ."

ಕೊನೆಯ ಮಾತು ನಿಜವಾಗಿತ್ತು. ಹಾಗಾಗಿ ರಾಜೇಶ್ವರಿ ಹುಳಗೇರಿಗೆ ಹೊರಟಳು.

ಹುಳಗೇರಿ ರಾವೂರಿನ ಆಚೆಗಿರುವ ಸಣ್ಣ ಊರು. ಮೇಲಿನ ಓಣಿಯವರು ಒಕ್ಕಲುತನದವರು, ಕೆಳಗಿನ ಓಣಿಯವರು ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಯಲ್ಲಿ ದುಡಿಯುವವರು. ಹಿಂದಿನ ಬೇಸಿಗೆಯಲ್ಲಿ ನೀರಿನ ಟ್ಯಾಂಕರಿನ ಎದುರು ಯಾರ ಕೊಡ ಮೊದಲು ಎಂದು ಶುರುವಾದ ಜಗಳ ಕಲ್ಲು ತೂರುವವರೆಗೆ ಹೋಗಿತ್ತು. ಚಿತ್ತಾಪುರದ ಕೋರ್ಟಿನಲ್ಲಿ ಕೇಸು ಇನ್ನೂ ನಡೆದಿತ್ತು. ಎರಡೂ ಓಣಿಗಳ ನಡುವಿನ ಶಾಲೆಯ ಮುಂದೆ, ಬೇವಿನ ಮರದ ನೆರಳಲ್ಲಿ ಸುರೇಶಕುಮಾರ ಎಂಬ ಪೊಲೀಸ್ ಪೇದೆ ಬಂದೋಬಸ್ತಿಗೆಂದು ಕೂತೇ ಇರುತ್ತಿದ್ದ. ಶಾಲೆಯಲ್ಲಿ ಅಡಿಗೆಯಾಗುತ್ತಿತ್ತು. ಊಟಕ್ಕೆ ಮಾತ್ರ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಮೇಲಿನ ಓಣಿಯವರು ಕೊಟ್ಟ ಡಬರಿ ಪಾತ್ರೆಯಲ್ಲಿ ಮೇಲಿನ ಓಣಿಗೆ, ಕೆಳಗಿನವರು ಕೊಟ್ಟ ಡಬರಿಯಲ್ಲಿ ಕೆಳಗಿನ ಓಣಿಗೆ ಅನ್ನ ಟಂಟಂ ರಿಕ್ಷಾದಲ್ಲಿ ಹೋಗುತ್ತಿತ್ತು.

ರಾಜೇಶ್ವರಿ ಮೊದಲು ಮೇಲಿನ ಓಣಿಯ ಹಿರಿಯಳು ಸೂಗಮ್ಮನ ಮನೆಗೆ ಹೋದಳು.

"ಬರ್ರಿ, ಕುಂದ್ರಿ. ಆದ್ರ ಅವರ ಸಂಗಾಟ ಕುಂತು ಉಣ್ಣಂತ ಮಾತ್ರ ಹೇಳಬ್ಯಾಡ್ರಿ," ಎಂದಳು ಸೂಗಮ್ಮ, ಇನ್ನೂ ಏನೂ ಕೇಳುವ ಮೊದಲೇ. "ನಮ್ಮ ಚನ್ನುನ ತಲಿ ನೋಡೀರೇನು? ಏ ತಮ್ಮಾ, ಇಲ್ಲಿ ಬಾ, ತಲಿ ತೋರ್ಸು."

ಚನ್ನು, ಸೂಗಮ್ಮನ ತಮ್ಮ, ನಡುವಯಸ್ಸಿನ ಆಳು. ನಾಚುತ್ತ ಬಂದು ತಲೆ ಬಗ್ಗಿಸಿದ.

"ಕೌದಿ ಹೊಲದಂಗ ಹೊಲದಾರ ಡಾಕ್ಟರು," ಎಂದಳು ಅಕ್ಕ.

"ದಿನಾ ಒಬ್ಬರಿಗಿ ತೋರಸ್ತಾಳ್ರಿ ಮೇಡಂ," ಎಂದ ಚನ್ನು. "ಮ್ಯೂಜಿಯಂ ಮಾಡ್ಯಾಳ ನನ್ನ ತಲಿ."

ರಾಜೇಶ್ವರಿ ಎಲ್ಲವನ್ನೂ ಕೇಳಿದಳು. ಎದ್ದು ಹೊರಟು ಹೊಸ್ತಿಲು ದಾಟುವಾಗ ಸೂಗಮ್ಮ ಹಿಂದಿನಿಂದ ಕೇಳಿದಳು:

"ಖಣಿ ಬಂದ್ ಬಿದ್ದದಂತಲ್ಲ? ಆ ಓಣಿ ಕೂಸುಗೋಳು ಹೊಟ್ಟಿ ತುಂಬ ಉಣ್ಣಾಕತ್ತಾವಿಲ್ಲೋ?"

"ಉಣ್ಣಾಕತ್ತಾವ್ರಿ ಆಯಿ."

"ಹೂಂ. ನಾ ಏನ್ ಕಾಳಜಿ ಮಾಡಾಕತ್ತಿಲ್ಲ. ಸುಮ್ಮ ಕೇಳಿದೆ."

ಕೆಳಗಿನ ಓಣಿಯಲ್ಲಿ ಹಿರಿಯ ಎಂದರೆ ಕಲ್ಲು ಒಡೆಯುವ ರೇವಣಪ್ಪ. ಅವನ ಮಾತೂ ಬೇರೆ ಇರಲಿಲ್ಲ.

"ಅವರು ಬಂದು ತಪ್ಪಾತು ಅನ್ನಲಿ, ಆಮ್ಯಾಲ ನೋಡಮು."

"ಅವರೂ ಅದನ್ನ ಅಂತಾರ್ರಿ ಕಾಕಾ."

"ಹಾಂಗಾದ್ರ ನಮ್ಮದು ಅವರದು ಒಂದ ಮಾತದ ನೋಡ್ರಿ! ಜಗಳ ಎಲ್ಲದ?" ಎಂದು ರೇವಣಪ್ಪ ತಾನೇ ನಕ್ಕ. ನಕ್ಕವನು, ಅವಳು ಟಂಟಂ ಹತ್ತುವಾಗ ದನಿ ತಗ್ಗಿಸಿದ. "ಮ್ಯಾಲಿನ ಓಣಿ ಬಾವಿ ಬತ್ತ್ಯದಂತ, ಖರೇ ಏನ್ರಿ? ಆ ಬಾವಿಗಿ ಕಲ್ಲ ಕಟ್ಟಿದವ ನಮ್ಮಪ್ಪ. ಬತ್ತಬಾರದಿತ್ತು ಅದು."

ಎರಡೂ ಮನೆಯ ಕೊನೆಯ ಮಾತುಗಳು ಅವಳ ಜೊತೆ ವಾಡಿಗೆ ಬಂದವು. ಬಂದರೇನು, ಸೋಮವಾರದ ಹೊತ್ತಿಗೆ ಅವನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಮರುದಿನ ಅವಳು ವಾಡಿ ಸ್ಟೇಷನ್ನಿನಲ್ಲಿ ಅಕ್ಕಿ ಇಳಿಸುತ್ತ ನಿಂತಿದ್ದಾಗ ಹುಳಗೇರಿಯಲ್ಲಿ ಒಂದು ಎಡವಟ್ಟು ಆಯಿತು. ಅಡಿಗೆಯ ಅಬ್ದುಲ್ ಗನಿ ಮೊದಲು ಮದುವೆಗಳಿಗೆ ಬಿರ್ಯಾನಿ ಮಾಡುತ್ತಿದ್ದವನು. ಖಣಿಗಳು ನಿಂತಿದ್ದರಿಂದ ಹೊರಗೆ ದುಡಿಯಲು ಹೋದವರೆಲ್ಲ ಕೆಳಗಿನ ಓಣಿಗೆ ಮರಳಿದ್ದರು. ಜನ ಹೆಚ್ಚು, ಪಾತ್ರೆ ಚಿಕ್ಕದು. ಅವನು ಅನ್ನವನ್ನು ಸೂಗಮ್ಮನ ದೊಡ್ಡ ಹಿತ್ತಾಳೆ ಡಬರಿಗೆ ತುಂಬಿ ಕೆಳಗೆ ಕಳಿಸಿದ. ರೇವಣಪ್ಪನ ಸಣ್ಣ ಅಲ್ಯೂಮಿನಿಯಂ ಡಬರಿ ಮೇಲೆ ಹೋಯಿತು.

ಉಣ್ಣುವಾಗ ಯಾರೂ ನೋಡಲಿಲ್ಲ. ಬೂದಿ ಹಚ್ಚಿ ತಿಕ್ಕುವಾಗ ಹಿತ್ತಾಳೆಯ ಮೇಲೆ ಕೊರೆದ ಹೆಸರು ಹೊಳೆಯಿತು: ಸೂಗಮ್ಮ.

ರಾಜೇಶ್ವರಿ ಬರುವಷ್ಟರಲ್ಲಿ ಡಬರಿ ಕೆಳಗಿನ ಓಣಿಯ ನಡುವೆ, ಕರೆಯದೆ ಬಂದ ಬೀಗರಂತೆ ಕೂತಿತ್ತು. ಸುತ್ತ ಜನ.

"ಕೊಡ್ರಿ ಕಾಕಾ, ಟಂಟಂದಾಗ ಇಟ್ಟು ಕಳಸ್ತೀನಿ," ಎಂದಳು.

"ಖಾಲಿ?" ಎಂದ ರೇವಣಪ್ಪ.

"ತೊಳದದಲ್ರಿ."

"ಮೇಡಂ, ನೀವ್ ಯಾವ ಸೀಮ್ಯಾಗ ಹುಟ್ಟೀರಿ? ಉಂಡ ಭಾಂಡೆ ಖಾಲಿ ಕಳಸ್ತಾರೇನು ಯಾರರೆ? ಜಗಳ ಬ್ಯಾರೆ, ಭಾಂಡೆ ಬ್ಯಾರೆ."

"ಅನ್ನ ಸೂಗಮ್ಮಾಯಿದಲ್ರಿ, ಟ್ರಸ್ಟಿಂದು."

"ಅನ್ನ ಯಾರದರೆ ಇರಲಿ. ಭಾಂಡೆ ಯಾರದದ, ಅದು ಹೇಳ್ರಿ."

ಇದು ರಾಜೇಶ್ವರಿಯ ಅಜ್ಜಿಯ ಮನೆಯಲ್ಲೂ ಇದ್ದ ರೀತಿ. ಪಕ್ಕದ ಮನೆಯಿಂದ ಪಲ್ಯ ತಂದ ಬಟ್ಟಲು ಮರಳುವಾಗ ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಅದರಲ್ಲಿ ಇರಬೇಕಿತ್ತು. ಆದರೆ ಈ ಬರದಲ್ಲಿ ಇಷ್ಟು ದೊಡ್ಡ ಡಬರಿಗೆ ಏನು ಹಾಕುವುದು? ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಖಣಿಯ ದಂಡೆಯ ಹುಣಸೆಮರಗಳು ನೆನಪಾದವು. ಮಳೆ ಬರಲಿ ಬಿಡಲಿ, ಅವು ಕಾಯಿ ಬಿಡುವುದು ಬಿಟ್ಟಿರಲಿಲ್ಲ. ಸಂಜೆಯೊಳಗೆ ಡಬರಿ ಹುಣಸೆಹಣ್ಣಿನಿಂದ ತುಂಬಿತು.

ಒಯ್ಯುವವರು ಯಾರು? ಯಾರೂ ಒಪ್ಪಲಿಲ್ಲ. ಎಲ್ಲರೂ ಬೇವಿನ ಮರದ ಕಡೆ ನೋಡಿದರು.

"ನಾನಾ?" ಎಂದ ಸುರೇಶಕುಮಾರ.

"ನೀವ್ ಸರಕಾರದ ಮನಷ್ಯಾರು. ಎರಡೂ ಕಡಿಯವರಲ್ಲ," ಎಂದ ರೇವಣಪ್ಪ.

ಪೇದೆ ಡಬರಿ ಹೊತ್ತು ಬಂದಾಗ ಸೂಗಮ್ಮ ಮೊದಲು ಅನುಮಾನದಿಂದ ನೋಡಿದಳು. ಚನ್ನು ಒಂದು ಹಣ್ಣು ಸುಲಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

"ಅಕ್ಕಾ, ಭಾಳ ಚಲೋ ಅದ. ಸಾರಿಗಿ ಇದಾ ಬೇಕಿತ್ತು."

"ನಿನಗ ಮಾನ ಅದ ಏನ್ ಇಲ್ಲ?" ಎಂದು ಗದರಿದವಳು ತಾನೂ ಒಂದನ್ನು ನೆಕ್ಕಿದಳು. ಆಮೇಲೆ ಅವಳ ಕಣ್ಣು ಮೂಲೆಯಲ್ಲಿದ್ದ ಅಲ್ಯೂಮಿನಿಯಂ ಡಬರಿಯ ಮೇಲೆ ಬಿತ್ತು. ಅನ್ನ ಕಡಿಮೆ ಬಂತೆಂದು ಮಧ್ಯಾಹ್ನ ಅವಳು ಬೈದದ್ದೂ ಇದೇ ಡಬರಿಯನ್ನು. ಈಗ ಅದು ಖಾಲಿ ಕೂತಿತ್ತು. "ಶಿವಾ! ಇದಕ್ಕೀಗ ಏನ್ ಹಾಕ್ಲಿ? ಅವರು ತುಂಬ ಕಳಿಸ್ಯಾರ. ನಾವು ಅರ್ಧಾ ಕಳಿಸಿದ್ರ ಊರೆಲ್ಲಾ ಮಾತಾಗ್ತದ."

ಸೂಗಮ್ಮ ಮನೆಮನೆ ತಿರುಗಿದಳು. ಒಬ್ಬರು ಒಣಮೆಣಸಿನಕಾಯಿ, ಒಬ್ಬರು ಒಣಗಿಸಿದ ಬದನೆಕಾಯಿ ಹೋಳು ಕೊಟ್ಟರು. ತನ್ನ ಮನೆಯ ಅಗಸೆ ಹಿಂಡಿಯನ್ನು, ಚಟ್ನಿಪುಡಿ ಮೆಣಸಿನಕಾಯಿಯಲ್ಲಿ ಬೆರೆಯಬಾರದೆಂದು, ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮೇಲೆ ಇಟ್ಟಳು.

ತಪ್ಪಾದದ್ದು ಅಲ್ಲಿಯೇ. ಡಬರಿ ಮನೆ ಸೇರಿತು, ಆದರೆ ಆ ಡಬ್ಬಿ ಈಗ ಕೆಳಗಿನ ಓಣಿಯಲ್ಲಿ ಉಳಿಯಿತು. ಡಬ್ಬಿ ಖಾಲಿ ಹೋಗುವಂತಿಲ್ಲ. ಅದು ಹುರಿದ ಹುಣಸೆಬೀಜ ತುಂಬಿಕೊಂಡು ಹೋಗುವಾಗ, ಯಾರೋ ಹುಣಸೆಯ ಚಿಗುರನ್ನೂ, ಬಾಡಬಾರದೆಂದು ಒಂದು ಬುಟ್ಟಿಯಲ್ಲಿ ಹಾಕಿ, ಜೊತೆಗೆ ಕಳಿಸಿದರು. ಬುಟ್ಟಿ ಮರಳುವಾಗ ಬಟ್ಟಲು ಬಂತು. ಬಟ್ಟಲಿನ ಜೊತೆ ತಟ್ಟೆ. ಒಂದು ಭಾಂಡೆ ಮನೆ ಸೇರುವಷ್ಟರಲ್ಲಿ ಇನ್ನೊಂದು ಮನೆ ಬಿಟ್ಟಿರುತ್ತಿತ್ತು. ಕೊಡುತ್ತಿದ್ದುದೆಲ್ಲ ಹಿಡಿಯಷ್ಟು, ಆದರೆ ಯಾರೂ ಕೊನೆಯವರಾಗಿ ಇಸಿದುಕೊಂಡು ಸುಮ್ಮನಿರಲು ತಯಾರಿರಲಿಲ್ಲ.

ಶನಿವಾರ ಸುರೇಶಕುಮಾರ ರಾಜೇಶ್ವರಿಯ ಮುಂದೆ ಗೋಳಾಡಿದ. "ಮೇಡಂ, ನಂದು ಬಂದೋಬಸ್ತ್ ಡ್ಯೂಟಿ. ಬೀಗರ ಮನಿಗಿ ಬುತ್ತಿ ಹೊರೋ ಆಳಾಗೀನಿ. ಬೈಕಿನ ಎರಡೂ ಕಡಿ ಬುಟ್ಟಿ ಕಟ್ಟ್ಯಾರ. ಸಾಹೇಬ್ರು ನೋಡಿದ್ರ ಏನಂದಾರು?"

"ನನ್ನ ದೊಡ್ಡ ಸೌಟು ಸೈತ ಹೋಗ್ಯದ," ಎಂದ ಅಬ್ದುಲ್ ಗನಿ. "ಯಾರ ಮನ್ಯಾಗ ಏನ್ ತುಂಬ್ಕೊಂಡು ಕುಂತದೋ, ಅಲ್ಲಾಗೇ ಗೊತ್ತು. ಸೌಟು ಖಾಲಿ ಕೊಡಬಾರದಂತ ಯಾರೋ ಹೇಳ್ಯಾರ!"

ರಾಜೇಶ್ವರಿ ಬಹಳ ಹೊತ್ತು ನಕ್ಕಳು. ನಗು ನಿಂತ ಮೇಲೆ ಅಜ್ಜಿಯ ಮನೆಯ ಮಾತೊಂದು ನೆನಪಾಯಿತು. ದಾಸೋಹದಲ್ಲಿ ನೀಡುವವನು ಕೈಮುಗಿದು ನಿಲ್ಲುತ್ತಾನೆ. ಉಣ್ಣುವವನು ಉಂಡು ಉಪಕಾರ ಮಾಡುತ್ತಾನೆ. ಇಷ್ಟನ್ನು ಚಿಕ್ಕಂದಿನಿಂದ ಕೇಳಿದ್ದರೂ ತಾನು ಎರಡೂ ಓಣಿಗೆ ಹೋಗಿ ಕೇಳಿದ್ದೇನು? ಬಂದು ಉಣ್ಣಿರಿ ಎಂದು. ಇಲ್ಲಿ ಯಾರಿಗೂ ಉಣ್ಣಲು ಕರೆ ಬೇಕಿರಲಿಲ್ಲ.

ಭಾನುವಾರ ಅವಳು ಮತ್ತೆ ಸೂಗಮ್ಮನ ಮನೆಗೆ ಹೋದಳು.

"ಆಯಿ, ನಾಳಿ ಸಾಲ್ಯಾಗ ನೀಡಾಕ ಬರ್ತೀರೇನ್ರಿ? ಕೆಳಗಿನ ಓಣ್ಯಾವರೂ ನೀಡಾಕ ಬರ್ತಾರ. ಮುಚ್ಚಿಟ್ಟು ಹೇಳಂಗಿಲ್ಲ ನಾ."

"ನೀಡಾಕ ಆದ್ರ ಬರ್ತೀನಿ. ಉಣ್ಣಾಕ ಕರಿಬ್ಯಾಡ್ರಿ."

ರೇವಣಪ್ಪನಿಗೂ ಅದೇ ಮಾತು ಹೇಳಿದಳು.

"ಅವರೂ ನೀಡ್ತಾರಾ? ನೀಡಲಿ. ಅವರ ಕೈಗಿಂತ ನಮ್ಮ ಕೈ ದೊಡ್ಡವು," ಎಂದ ಅವನು.

ಸೋಮವಾರ ಹುಳಗೇರಿಯ ಎರಡೂ ಓಣಿಗಳು ಶಾಲೆಗೆ ಬಂದವು. ಮಕ್ಕಳು, ಮುದುಕರು, ಎಲ್ಲರೂ. ಬಂದವರು ಸೊಂಟ ಕಟ್ಟಿ, ಸೆರಗು ಸಿಕ್ಕಿಸಿ, ಕೈಗೆ ಸಿಕ್ಕ ಬಕೆಟ್ಟು, ಬೋಗುಣಿ ಹಿಡಿದು ನಿಂತರು. ಹಾಸಿದ ತಾಡಪತ್ರಿ ಖಾಲಿಯಾಗಿತ್ತು.

"ಎಲ್ಲಾರೂ ನೀಡವರ!" ಎಂದು ಅಬ್ದುಲ್ ಗನಿ ತಲೆಯ ಮೇಲೆ ಕೈ ಹೊತ್ತ. "ಉಣ್ಣವ ನಾನಾ?"

"ಕುಂದ್ರು ರೇವಣಪ್ಪ," ಎಂದಳು ಸೂಗಮ್ಮ. ಒಂದು ವರ್ಷದ ಮೇಲೆ ಅವನಿಗೆ ಆಡಿದ ಮೊದಲ ಮಾತು.

"ನೀವ್ ಕುಂದ್ರಿ ಸೂಗಮ್ಮಾಯಿ."

"ನಾ ದೊಡ್ಡಾಕಿ, ಹೇಳಿದ್ದು ಕೇಳು."

"ಅದಕ್ಕಾ ಹೇಳಾಕತ್ತೀನಿ. ದೊಡ್ಡವರು ಮೊದಲ ಕುಂದ್ರಬೇಕು."

"ನಿನ್ನ ಹಠ ಇನ್ನಾ ಹಾಂಗ ಅದ ನೋಡು!"

"ನಿಮ್ಮದೇನ್ ಕರಗ್ಯದ?"

ದನಿಗಳು ಏರಿದವು. ಹಿಂದೆ ನಿಂತವರೂ ತಮ್ಮ ತಮ್ಮ ಹಿರಿಯರ ಬೆನ್ನಿಗೆ ಸರಿದರು. ಸುರೇಶಕುಮಾರ ಟೊಪ್ಪಿಗೆ ಸರಿಮಾಡಿಕೊಂಡ. ಅನ್ನದ ಹಬೆ ತೆಳ್ಳಗಾಗುತ್ತಿತ್ತು. ರಾಜೇಶ್ವರಿಯ ಬಳಿ ಇನ್ನೊಂದು ಉಪಾಯ ಇರಲಿಲ್ಲ. ಫೋನು ಬರುವ ಹೊತ್ತಾಗಿತ್ತು. ಅವಳು ಕಣ್ಣು ಮುಚ್ಚಿ ಶಿವನನ್ನು ನೆನೆದಳು.

ಕಣ್ಣು ತೆರೆದಾಗ ತಾಡಪತ್ರಿಯ ನಟ್ಟನಡುವೆ ಚನ್ನು ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ನನಗ ಹಸಿವಿ ಆಗ್ಯದ," ಎಂದ. "ತಲಿ ಒಡಿಸ್ಕೊಂಡವ ನಾ. ಕುಂದ್ರಾಕ ನನಗಾ ಏನೂ ಇಲ್ಲಂದ ಮ್ಯಾಲ ನಿಮಗೇನದ? ರೇವಣಪ್ಪ ಕಾಕಾ, ನೀಡು ಬಾ."

ರೇವಣಪ್ಪ ಬಕೆಟ್ಟು ಹಿಡಿದು ಮೆಲ್ಲಗೆ ಬಂದ. ಚನ್ನುವಿನ ಎದುರು ಬಗ್ಗಿದಾಗ ಆ ಹೊಲಿಗೆಯ ಗುರುತು ಅವನ ಮುಖದ ಎದುರಿಗೇ ಬಂತು. ಅವನು ಅನ್ನ ಹಾಕಿದ. ಇನ್ನೊಮ್ಮೆ ಹಾಕಿದ. ಮತ್ತೂ ಹಾಕಿದ.

"ಸಾಕು ಕಾಕಾ! ಹೊಟ್ಟಿ ಒಡದ್ರ ಅದಕ್ಕೊಂದು ಕೇಸ್ ಆಗ್ತದ," ಎಂದ ಚನ್ನು.

ಮೊದಲು ನಕ್ಕವಳು ಸೂಗಮ್ಮ. ಆಮೇಲೆ ಯಾರು ನಕ್ಕರು, ಯಾರು ಯಾರ ಪಕ್ಕ ಕೂತರು ಎಂದು ನೋಡಲು ಆಗಲಿಲ್ಲ. ಕೆಳಗಿನ ಓಣಿಯ ಮಕ್ಕಳು ಕೂತರು, ಅವರಿಗೆ ಸೂಗಮ್ಮ ನೀಡಿದಳು. ಅವಳ ಓಣಿಯ ಮುದುಕರು ಕೂತರು, ಅವರಿಗೆ ಖಣಿಯ ಹೆಂಗಸರು ನೀಡಿದರು. "ಇನ್ನಿಷ್ಟು" ಎಂಬುದಕ್ಕೂ "ಬ್ಯಾಡ" ಎಂಬುದಕ್ಕೂ ಊರಲ್ಲಿ ಹೊಸ ಜಗಳ ಹತ್ತಿತು. ಮೂಲೆಯಲ್ಲಿ ಇಬ್ಬರು ಮಾತ್ರ ಒಬ್ಬರಿಗೊಬ್ಬರು ಬೆನ್ನು ಮಾಡಿಯೇ ಉಂಡರು. ಇರಲಿ ಎಂದುಕೊಂಡಳು ರಾಜೇಶ್ವರಿ. ಒಂದೇ ತಾಡಪತ್ರಿಯ ಮೇಲಂತೂ ಕೂತಿದ್ದರು.

"ಮುಂದಿನ ತಾರೀಖಿಗಿ ಚಿತ್ತಾಪುರಕ್ಕ ಒಂದ ಟಂಟಂದಾಗ ಹೋಗಮೇನು?" ಎಂದು ರೇವಣಪ್ಪ ಚನ್ನುವನ್ನು ಕೇಳುತ್ತಿದ್ದ. "ಕೋರ್ಟಿನ್ಯಾಗ ಬೇಕಾದ್ರ ಬ್ಯಾರೆ ಬ್ಯಾರೆ ನಿಂದ್ರಮು."

ರಾಜೇಶ್ವರಿಯನ್ನೂ ಸೂಗಮ್ಮ ಭುಜ ಹಿಡಿದು ಕೂರಿಸಿದಳು. ರಾಜೇಶ್ವರಿಯ ಬೆರಳೆಲ್ಲ ಸಾರು, ಬಾಯಿ ತುಂಬ ಅನ್ನ. ಅಷ್ಟರಲ್ಲಿ ಫೋನು ಗುಣುಗುಣಿಸಿತು. ಅವಳು ಗಾಬರಿಯಿಂದ ಕೈ ನೋಡಿಕೊಂಡಳು. ಸುರೇಶಕುಮಾರ ಫೋನು ಎತ್ತಿಕೊಂಡ.

"ಯಾರ್ರಿ? ಹಾಂ, ಮಹೇಶಕುಮಾರ ಸಾಹೇಬ್ರಾ. ನಾ ಪೊಲೀಸ್ ಮಾತಾಡಾಕತ್ತೀನಿ... ಏ, ಏನೂ ಆಗಿಲ್ರಿ, ಅಂಜಬ್ಯಾಡ್ರಿ! ಮೇಡಂ ಉಣ್ಣಾಕತ್ತಾರ... ಎಷ್ಟ ಮಂದಿ ಕುಂತಾರಂದ್ರ? ಕುಂತವರನ್ನ ಕೇಳಬ್ಯಾಡ್ರಿ, ನಿಂತವ ನಾ ಒಬ್ಬನೇ ಇದ್ದೀನಿ. ಚಿಂಚೋಳಿಗಿ ಬ್ಯಾರೆ ಅಡಿಗಿಯವ್ರನ್ನ ನೋಡ್ಕೋರಿ. ನನಗೂ ಎಲಿ ಹಾಕ್ಯಾರ, ಇಡ್ತೀನ್ರಿ."